ಕೊಂಬಿನ ಬುಡದ ಹುಳ

ಶುಕ್ರವಾರ ಬೆಳಿಗ್ಗೆ ಸರ್ನಿತಿ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ದೊಡ್ಡಿಯ ಬಿದಿರು ಬಾಗಿಲನ್ನು ಸರಿಸಿದಾಗ ಹದಿನೆಂಟು ಕುರಿಗಳು ದಡದಡ ಇಳಿದು ಬಂದವು. ಹತ್ತೊಂಬತ್ತನೆಯದು ಬರಲಿಲ್ಲ.

ಬಾರದೆ ಉಳಿದದ್ದು ಜಾಲು. ದೊಡ್ಡಿಯ ಮೂಲೆಗೆ ಮುಖ ಮಾಡಿ ನಿಂತಿದ್ದ ಆ ಟಗರು ತಲೆಯನ್ನು ಎಡಕ್ಕೊಮ್ಮೆ ಕೊಡವುತ್ತಿತ್ತು, ಮುಂಗಾಲಿನಿಂದ ಹಲಗೆಯನ್ನು ಗುದ್ದುತ್ತಿತ್ತು, ಮತ್ತೆ ಕೊಡವುತ್ತಿತ್ತು. ಹಿಂದಿನ ದಿನ ಕಟ್ಟಿದ್ದ ಹಲಸಿನ ಸೊಪ್ಪು ಕಟ್ಟಿದ ಹಾಗೇ ನೇತಾಡುತ್ತಿತ್ತು.

"ಏನೋ ನಿಂದು? ಬಾರೋ," ಎಂದಳು ಸರ್ನಿತಿ. ಟಗರು ತಿರುಗಲಿಲ್ಲ. ಅದರ ಎಡಗಿವಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಬಕ್ರೀದಿಗೆ ಇನ್ನು ಎಂಟೇ ದಿನ. ಈ ಸಲದ ಕುರ್ಬಾನಿ ಸರ್ನಿತಿಯ ಹೆಸರಿನಲ್ಲಿ. ಇದು ಸಣ್ಣ ಮಾತಲ್ಲ. ಕುರಿಗಳು ಪೇಟೆಯ ಹಾಜಿ ಕೊಸಿಮನವು. ಸರ್ನಿತಿ ಅವನ್ನು ಪಾಲಿಗೆ ಸಾಕುವವಳು. ಹುಟ್ಟಿದ್ದರಲ್ಲಿ ಒಂದು ಮರಿ ಅವನಿಗಾದರೆ ಇನ್ನೊಂದು ಇವಳಿಗೆ. ಇವಳ ಪಾಲಿಗೆ ಬಂದವು ಗಂಡನ ಕಾಯಿಲೆಗೆ, ಮಗಳ ಮದುವೆಗೆ, ಮನೆಯ ಹೆಂಚಿಗೆ ಎಂದು ಹೋಗುತ್ತಲೇ ಇದ್ದವು. ಎಲ್ಲ ದಾಟಿ ಉಳಿದ ಮೊದಲ ಟಗರು ಗಂಡನ ಹೆಸರಿನಲ್ಲಿ ಕುರ್ಬಾನಿಯಾಯಿತು. ಕೆಲವು ವರ್ಷ ಬಿಟ್ಟು ಉಳಿದ ಇನ್ನೊಂದು ತೀರಿಹೋದ ಅತ್ತೆಯ ಹೆಸರಿನಲ್ಲಿ. ಮೂರನೆಯದು ಹೊಸದಾಗಿ ಮದುವೆಯಾದ ಮಗಳು ನುರ್ಯತಿಯ ಹೆಸರಿನಲ್ಲಿ. ಪ್ರತಿ ಸಲವೂ ಯಾರಾದರೊಬ್ಬರು, "ಮುಂದಿನ ಸಲ ನಿಂದೇ ಬಿಡು," ಎನ್ನುತ್ತಿದ್ದರು. ಈಗ ಗಂಡನಿಲ್ಲ, ಮಗಳು ಹೊರದೇಶಕ್ಕೆ ದುಡಿಯಲು ಹೋಗಿದ್ದಾಳೆ, ಸರ್ನಿತಿಗೆ ಐವತ್ತಾರು. ಜಾಲು ಹುಟ್ಟಿದ ದಿನವೇ ಅವಳು ಅದರ ಮೂತಿ ಒರೆಸುತ್ತ, "ಇದು ನಂದು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು.

ಕುರ್ಬಾನಿಯ ಪ್ರಾಣಿಗೆ ಊನ ಇರಬಾರದು. ಕುಂಟಬಾರದು, ಕಣ್ಣು ಹೋಗಿರಬಾರದು, ಕಿವಿ ಹರಿದಿರಬಾರದು, ರೋಗದಿಂದ ಸೊರಗಿರಬಾರದು.

ಸರ್ನಿತಿ ದೊಡ್ಡಿಯ ಏಣಿ ಹತ್ತಿ ಒಳಗೆ ಹೋದಳು. ಜಾಲುವಿನ ಕೊಂಬುಗಳು ಕತ್ತಲಲ್ಲೂ ಹೊಳೆಯುತ್ತಿದ್ದವು. ಹಿಂದಿನ ಭಾನುವಾರ ಅವಳು ನೆರೆಮನೆಯ ಮದುವೆಯ ಅಡುಗೆಗೆ ಹೋಗಿ ಸಂಜೆ ಮರಳಿದಾಗ ಅಳಿಯ ದಸ್ಕಿಮ್ ಆ ಕೊಂಬುಗಳಿಗೆ ಮಸಿ ಮೆತ್ತಿ ತಿಕ್ಕುತ್ತ ಕುಳಿತಿದ್ದ. ಕೆಮಿರಿ ಎಂಬ ಎಣ್ಣೆಬೀಜವನ್ನು ಸುಟ್ಟು ಕೊಬ್ಬರಿ ಎಣ್ಣೆಯಲ್ಲಿ ಅರೆದು ಮಾಡುವ ಮಸಿ ಅದು. ಕಾಳಗದ ಟಗರುಗಳಿಗೆ ಬಳಿಯುತ್ತಾರೆ. "ನಿಮ್ಮ ಕುರ್ಬಾನಿ ಅಲ್ವಾ ಎಮಾ, ಚೆನ್ನಾಗಿ ಕಾಣ್ಲಿ ಅಂತ," ಎಂದಿದ್ದ. ಅಮ್ಮ ಎನ್ನುವುದಕ್ಕೆ ಅವರಲ್ಲಿ ಎಮಾ. ಆ ಮಾತಿಗೆ ಅವಳ ಕಣ್ಣು ತುಂಬಿ ಬಂದಿತ್ತು. ಮರುದಿನ ಕಾಲುವೆಯ ಬಳಿ ಸಿಕ್ಕ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮೂವತ್ತು ವರ್ಷ ಕುರಿ ಮೇಯಿಸಿದ ಸರ್ನಿತಿಗೆ ಒಂದು ಕ್ರಮವಿತ್ತು. ಬೆಳಿಗ್ಗೆ ಬಿಡುವಾಗ, ಸಂಜೆ ಕೂಡುವಾಗ, ಪ್ರತಿ ಕುರಿಯ ಮೇಲೂ ಕೈ ಹೋಗಬೇಕು. ಮರಿಗಳಿಗೆ ಹೊಕ್ಕುಳು, ಈದ ಕುರಿಗಳಿಗೆ ಬಾಲದ ಕೆಳಗೆ, ಟಗರುಗಳಿಗೆ ಕೊಂಬಿನ ಬುಡ. ನೀಲಿ ನೊಣ ಗಾಯವನ್ನು ಹುಡುಕಿಕೊಂಡು ಬರುವುದೇ ಅಲ್ಲಿಗೆ. ಆದರೆ ಈ ಐದು ದಿನ ಅವಳು ಜಾಲುವಿನ ಕೊಂಬು ಮುಟ್ಟಿರಲಿಲ್ಲ. ಮುಟ್ಟಿದರೆ ಮಸಿ ಕೈಗೆ ಹತ್ತುತ್ತದೆ, ಹೊಳಪು ಹೋಗುತ್ತದೆ.

ಈಗ ಮುಟ್ಟಿದಳು. ಎಡಗೊಂಬಿನ ಬುಡದಲ್ಲಿ ಮಸಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಎಬ್ಬಿಸಿದೊಡನೆ ಎಣ್ಣೆಯ ಘಮದ ಕೆಳಗಿನಿಂದ ಕೊಳೆತ ನಾತ ಮೂಗಿಗೆ ಬಡಿಯಿತು. ರಕ್ತದ ನೀರು ಇಳಿಯಿತು. ಕೊಂಬಿಗೂ ಚರ್ಮಕ್ಕೂ ನಡುವೆ ಒಂದು ಗುಳಿ. ಗುಳಿಯ ತುಂಬ ಅಕ್ಕಿಯನ್ನು ನೆಟ್ಟಗೆ ಜೋಡಿಸಿಟ್ಟ ಹಾಗೆ ಬಿಳಿ ಬಿಳಿ ತುದಿಗಳು. ಒಳಗೆ ತಲೆ ಹೂತು, ಬಾಲ ಮೇಲೆ ಮಾಡಿ, ಎಲ್ಲವೂ ಮಿಸುಕುತ್ತಿದ್ದವು.

"ದಸ್ಕಿಮ್!" ಎಂದು ಅವಳು ಕೂಗಿದ್ದು ಮೂರು ಮನೆಯಾಚೆಗೆ ಕೇಳಿಸಿತು. "ಚಿಮಟ ತಗೊಂಡ್ ಬಾ! ಹೊಗೆಸೊಪ್ಪು ತಗೊಂಡ್ ಬಾ!"

ದಸ್ಕಿಮ್ ಬರಿಮೈಯಲ್ಲೇ ಓಡಿ ಬಂದ. ಗಾಯವನ್ನು ನೋಡಿದವನೇ ಏಣಿಯ ಮೇಲೆಯೇ ನಿಂತುಬಿಟ್ಟ.

"ನಿಂತ್ಕೊಂಡೇನ್ ನೋಡ್ತೀಯಾ? ತಲೆ ಹಿಡ್ಕೋ. ಹೆಂಗಾಯ್ತು ಇದು? ಯಾವಾಗಾಯ್ತು?"

"ಕಂಬಕ್ಕೆ ಗುದ್ದಿರ್ಬೇಕು ಎಮಾ."

"ಕಂಬಕ್ಕೆ ಗುದ್ದಿದ್ರೆ ಹಿಂಗೆ ಬುಡ ಕಿತ್ತು ಬರುತ್ತೇನೋ?"

ಅವನು ಟಗರಿನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದ. ಸರ್ನಿತಿಗೂ ಮತ್ತೆ ಕೇಳುವಷ್ಟು ಪುರುಸೊತ್ತಿರಲಿಲ್ಲ. ಒಂದೊಂದನ್ನೇ ಚಿಮಟದಿಂದ ಹಿಡಿದು ತೆಂಗಿನ ಚಿಪ್ಪಿನಲ್ಲಿದ್ದ ಬಿಸಿನೀರಿಗೆ ಹಾಕಿದಳು. ಅರವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟಳು. ತೆಗೆದಷ್ಟೂ ಒಳಗಿನವು ಇನ್ನೂ ಒಳಗೆ ಸರಿಯುತ್ತಿದ್ದವು. ಸರಿಯುತ್ತಿದ್ದ ದಿಕ್ಕು ಕಿವಿಯ ಬುಡದ ಕಡೆಗೆ.

ದನದ ಕಾಂಪೌಂಡರ್ ಅದ್ಮಾ ಮಾರನೆಯ ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಬಂದ. ಗಾಯಕ್ಕೆ ಬೆಳಕು ಬಿಟ್ಟು ನೋಡಿ ನಾಲಿಗೆಯಿಂದ ಲೊಚ್ ಎಂದ.

"ಆಳ ಇದೆ ಬಿ ಸರ್ನಿತಿ. ಚಿಮಟಕ್ಕೆ ಸಿಗಲ್ಲ. ಒಂದು ಸೂಜಿ ಹಾಕಿಬಿಡ್ತೀನಿ. ಎರಡು ದಿನಕ್ಕೆ ಎಲ್ಲ ಸತ್ತು ಉದುರ್ತವೆ."

"ಹಾಕಿ ಮತ್ತೆ, ಮಾಂಗ್ ಅದ್ಮಾ. ಕಾಯೋದೇನಿದೆ?" ಚಿಕ್ಕಮ್ಮ ಎನ್ನುವುದಕ್ಕೆ ಅವರಲ್ಲಿ ಬಿ, ಚಿಕ್ಕಪ್ಪ ಎನ್ನುವುದಕ್ಕೆ ಮಾಂಗ್.

"ಹಾಕಿದ್ರೆ ಐದು ವಾರ ಇದರ ಮಾಂಸ ತಿನ್ನಂಗಿಲ್ಲ. ಔಷಧಿ ಒಳಗೇ ಇರುತ್ತೆ. ಲಿವರ್‌ನಲ್ಲಂತೂ ಜಾಸ್ತಿ."

ಸರ್ನಿತಿ ಅವನ ಕೈಯಲ್ಲಿದ್ದ ಪುಟ್ಟ ಬಾಟಲಿಯನ್ನೇ ನೋಡಿದಳು. ಐದು ವಾರ ಎಂದರೆ ಹಬ್ಬ ಮುಗಿದು ನಾಲ್ಕು ವಾರ.

"ಸೂಜಿ ಬೇಡ," ಎಂದಳು.

"ಟಗರು ಹೋದೀತು, ಬಿ."

"ಎಮಾ, ಹಾಕಿಸ್ಬಿಡಿ," ಎಂದ ದಸ್ಕಿಮ್. "ಮುಂದಿನ ವರ್ಷ ಕೊಟ್ರಾಯ್ತು. ಜೀವ ಇದ್ರೆ ತಾನೇ."

"ಮುಂದಿನ ವರ್ಷ!" ಸರ್ನಿತಿ ಗಕ್ಕನೆ ತಿರುಗಿದಳು. "ಅತ್ತೆ ಹೇಳಿದ್ಲು ಮುಂದಿನ ವರ್ಷ ಅಂತ. ನಿನ್ನ ಮಾವ ಹೇಳಿದ್ರು. ನುರ್ಯತಿನೂ ಹೇಳಿದ್ಲು, ಬಾಯಿ ತುಂಬಾ ಸಾಟೆ ಮಾಂಸ ತಿಂತಾ. ಈಗ ನೀನೂ ಹೇಳು, ನೀನೊಬ್ಬ ಬಾಕಿ ಇದ್ದೆ."

ಅದ್ಮಾ ಬಾಟಲಿಯನ್ನು ಪೆಟ್ಟಿಗೆಗೆ ಹಾಕಿದ. "ನನ್ನ ನಂಬರ್ ನಿಮ್ಮಳಿಯನ ಹತ್ರ ಇದೆ," ಎಂದು ಹೇಳಿ ಹೋದ.

ಆಮೇಲಿನ ಮೂರು ದಿನ ಸರ್ನಿತಿ ಕೂತಲ್ಲಿ ಕೂರಲಿಲ್ಲ. ಹೊಗೆಸೊಪ್ಪು ನೆನೆಸಿದ ನೀರನ್ನು ಗಾಯಕ್ಕೆ ಹುಯ್ಯುವಳು, ಸೀತಾಫಲದ ಎಲೆಯನ್ನು ಜಜ್ಜಿ ತುಂಬುವಳು, ಅರ್ಧ ತಾಸಿಗೊಮ್ಮೆ ಕಿತ್ತು ತೆಗೆದು ಮತ್ತೆ ತುಂಬುವಳು. ದೊಡ್ಡಿಯ ಕೆಳಗೆ ಹೊಟ್ಟಿನ ಹೊಗೆ ಹಾಕಿದಳು. ಹೊಗೆಗೆ ಕುರಿಗಳು ಕೆಮ್ಮಿದವು, ಅವಳೂ ಕೆಮ್ಮಿದಳು, ನೊಣ ಮಾತ್ರ ಹೊಗೆಯ ಅಂಚಿನಲ್ಲೇ ಗುಂಯ್ ಎನ್ನುತ್ತಿತ್ತು. ಬಾಳೆಯ ಸೀಳಿನಿಂದ ಬೀಸಿ ಬೀಸಿ ಅವಳ ತೋಳು ಮರಗಟ್ಟಿತು. ಅನ್ನ ಕಲಸಿದ ತಟ್ಟೆ ಬಿಟ್ಟು ಎದ್ದು ಓಡುವಳು. ಕಾಳುಮೆಣಸಿನಷ್ಟು ದೊಡ್ಡ ನೀಲಿ ಹೊಳಪೊಂದು ಮನೆಯೊಳಗೆ ಹಾರಿದರೂ ಪೊರಕೆ ಹಿಡಿದು ಅದರ ಹಿಂದೆ ಬೀಳುವಳು.

ಪಕ್ಕದ ಮನೆಯ ಎಂಚಾರ್ ಬೇಲಿಯಾಚೆಯಿಂದ ಕೊರಳು ಚಾಚಿದಳು. "ಏನೇ ಸರ್ನಿತಿ, ಗಂಡನಿಗೂ ಇಷ್ಟು ಗಾಳಿ ಹಾಕಿರ್ಲಿಲ್ವಲ್ಲೇ ನೀನು!"

"ಅವರ ತಲೆಗೆ ಹುಳ ಬಿದ್ದಿರ್ಲಿಲ್ಲ ಕಣೇ."

"ಬಿದ್ದಿತ್ತು ಬಿಡು. ಇಲ್ದಿದ್ರೆ ನಿನ್ನ ಯಾಕೆ ಕಟ್ಕೋತಿದ್ದ?"

ಬೇರೆ ದಿನವಾಗಿದ್ದರೆ ಸರ್ನಿತಿ ಇದಕ್ಕೆ ತಕ್ಕ ಉತ್ತರ ಕೊಡದೆ ಬಿಡುತ್ತಿರಲಿಲ್ಲ. ಅಂದು ಬೀಸುತ್ತಲೇ ಇದ್ದಳು. ಎಂಚಾರಳ ಸೊಂಟದ ಮೇಲಿದ್ದ ಮೊಮ್ಮಗಳು, ಈಗಷ್ಟೇ ಅನ್ನ ತಿನ್ನಲು ಕಲಿತ ಕೂಸು, ಟಗರಿನ ಕಡೆ ಕೈ ಚಾಚಿ ಕಿಲಕಿಲ ಎಂದಿತು.

ಸೋಮವಾರ ಸಂಜೆಗೆ ಜಾಲು ಮಂಡಿಯೂರಿತು. ಎಡಗೊಂಬು ಅಲುಗಾಡುತ್ತಿತ್ತು. ಕೊಂಬು ಹೋದರೆ ಹೋಗಲಿ, ಅದಕ್ಕೆ ಕುರ್ಬಾನಿ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಿವಿಯ ಬುಡ ಊದಿ ಬಿಸಿಯಾಗಿತ್ತು. ಬೆರಳಿಟ್ಟರೆ ಚರ್ಮದ ಕೆಳಗೆ ಓಡಾಟ ತಿಳಿಯುತ್ತಿತ್ತು.

ಇತ್ತ ಉಳಿದ ಹದಿನೆಂಟು ಕುರಿಗಳು ನಾಲ್ಕು ದಿನದಿಂದ ಕಡಿದು ತಂದ ಸೊಪ್ಪಿನಲ್ಲೇ ಇದ್ದವು. ಹಾಲೂಡುವ ಕುರಿಗಳ ಕೆಚ್ಚಲು ಸೋತಿತ್ತು. ಹಾಜಿ ಕೊಸಿಮನ ಕುರಿಗಳನ್ನು ಬಡಕಲು ಮಾಡಿ ತನ್ನ ಒಂದು ಟಗರನ್ನು ಉಳಿಸಿಕೊಂಡಳು ಎನ್ನಿಸಿಕೊಳ್ಳಲು ಅವಳು ತಯಾರಿರಲಿಲ್ಲ. ಮಂಗಳವಾರ ಹಿಂಡನ್ನು ಬಿಟ್ಟಳು.

"ಅರ್ಧ ತಾಸಿಗೊಂದ್ಸಲ ನೀರು ಹುಯ್ಯಿ. ನೊಣ ಕೂರೋಕೆ ಬಿಡ್ಬೇಡ. ಎಲ್ಲೂ ಹೋಗ್ಬೇಡ," ಎಂದು ದಸ್ಕಿಮ್‌ಗೆ ಮೂರು ಸಲ ಹೇಳಿದಳು.

"ಎಲ್ಲೂ ಹೋಗಲ್ಲ ಎಮಾ."

ಭತ್ತ ಕೊಯ್ದ ಗದ್ದೆಗಳು ಕಾಲುವೆಯ ಆಚೆಗಿದ್ದವು. ಕಾಲುವೆಗೆ ಅಡ್ಡಲಾಗಿ ಎರಡು ತೆಂಗಿನ ಮರದ ಹಲಗೆಗಳು, ಅಷ್ಟೇ. ಕುರಿಗಳಿಗೆ ಆ ಹಲಗೆಯೆಂದರೆ ಭಯ. ಆದರೆ ನಿನಿ ಮುಂದೆ ಹೋದರೆ ಅದರ ಬಾಲ ಹಿಡಿದಂತೆ ಎಲ್ಲವೂ ದಾಟುತ್ತಿದ್ದವು. ನಿನಿ ಎಂದರೆ ಅಜ್ಜಿ. ಆದರೆ ಈ ಅಜ್ಜಿ ಒಂದು ಮರಿಯನ್ನೂ ಈದಿರಲಿಲ್ಲ. ಪಾಲಿಗೆ ಬಂದವುಗಳಲ್ಲಿ ಸರ್ನಿತಿ ತನಗೆಂದೇ ಉಳಿಸಿಕೊಂಡ ಮೊದಲ ಹೆಣ್ಣು ಮರಿ ಅದು, ಈಗ ಏಳು ವರ್ಷದ ಗೊಡ್ಡು ಕುರಿ, ಕುಂಬಳಕಾಯಿಯ ಹಾಗೆ ಮೈ ತುಂಬಿಕೊಂಡಿತ್ತು. ಬಂದಾಗಲೆಲ್ಲ ಹಾಜಿ ಕೊಸಿಮ್, "ಇದನ್ನ ಮಾರಬಾರ್ದಾ? ಸುಮ್ಮನೆ ಮೇಯುತ್ತೆ," ಎನ್ನುತ್ತಿದ್ದ. ಅವನು ಒಮ್ಮೆಯೂ ಹಿಂಡಿನ ಹಿಂದೆ ನಡೆದವನಲ್ಲ. ಕೊರಳಿನ ಮರದ ಗಂಟೆಯನ್ನು ಟೊಕ್ ಟೊಕ್ ಎನಿಸುತ್ತ ನಿನಿ ನಡೆದರೆ, ಹಿಂದೆ ಒಬ್ಬಳೇ ಹೆಂಗಸು ಸಾಕು, ಹದಿನೆಂಟು ಕುರಿಗೆ.

ಅಂದು ಗದ್ದೆಯಲ್ಲಿ ಕುರಿಗಳು ಮೇಯುತ್ತಿದ್ದವು, ಸರ್ನಿತಿಗೆ ಮಾತ್ರ ನಿಂತ ನೆಲ ಸುಡುತ್ತಿತ್ತು. ಬದುವಿನ ಮೇಲೆ ಇತ್ತ ನಾಲ್ಕು ಹೆಜ್ಜೆ, ಅತ್ತ ನಾಲ್ಕು ಹೆಜ್ಜೆ. ತಂದ ಬುತ್ತಿ ಬಿಚ್ಚಲಿಲ್ಲ. ನೆರಳು ಉದ್ದವಾಗುವ ಮೊದಲೇ ಹಿಂಡನ್ನು ತಿರುಗಿಸಿದಳು.

ಮನೆಯಲ್ಲಿ ಜಾಲು ಇನ್ನೂ ಮಲಗಿತ್ತು, ಆದರೆ ಉಸಿರಾಡುತ್ತಿತ್ತು. ದಸ್ಕಿಮ್ ದೊಡ್ಡಿಯನ್ನೆಲ್ಲ ಗುಡಿಸಿದ್ದ. ಹೇಳದೆ ಎಂದೂ ಪೊರಕೆ ಮುಟ್ಟದ ಹುಡುಗ.

"ನೀರು ಹುಯ್ದ್ಯಾ?"

"ಹುಯ್ದೆ ಎಮಾ," ಎಂದ, ನೆಲವನ್ನು ನೋಡುತ್ತ.

ಬುಧವಾರ ಮಧ್ಯಾಹ್ನ ಸರ್ನಿತಿ ಎಲೆಯ ಮುದ್ದೆಯನ್ನು ತೆಗೆದಾಗ ಹುಳುಗಳು ತಾವಾಗಿಯೇ ಉದುರಿದವು. ಮಿಸುಕಾಟವಿಲ್ಲ. ಬೆರಳಿನಿಂದ ಕಿವಿಯ ಬುಡವನ್ನು ಒತ್ತಿದರೆ ಒಳಗಿನವೂ ಒಂದರ ಹಿಂದೊಂದು, ನೆಂದ ಅನ್ನದಂತೆ ಮೆತ್ತಗೆ, ಜಾರಿ ಬಂದವು. ಸಂಜೆ ಜಾಲು ಎದ್ದು ನಿಂತು ಹಲಸಿನ ಸೊಪ್ಪಿನ ಒಂದು ಎಲೆಯನ್ನು ಕಿತ್ತು ತಿಂದಿತು. ಆಮೇಲೆ ಕಟ್ಟನ್ನೇ ಮುಗಿಸಿತು.

ಸರ್ನಿತಿ ಅಂಗಳದಲ್ಲಿ ನಿಂತು ಜೋರಾಗಿ ನಕ್ಕಳು. "ಎಂಚಾರ್! ಬಾರೇ ಇಲ್ಲಿ! ಸೂಜಿಯಂತೆ ಸೂಜಿ! ಹೊಗೆಸೊಪ್ಪು, ಸೀತಾಫಲದೆಲೆ, ನನ್ನ ಎರಡು ಕೈ, ಅಷ್ಟೇ ಕಣೇ!"

"ಎಷ್ಟು ಎಲೆ? ನಂಗೂ ಹೇಳ್ಕೊಡೇ," ಎಂದು ಎಂಚಾರ್ ಬೇಲಿ ದಾಟಿಯೇ ಬಂದಳು. ದಸ್ಕಿಮ್ ಮಾತ್ರ ನೀರು ತರುತ್ತೇನೆಂದು ಕೊಡ ಹಿಡಿದು ಹೊರಟ. ಕೊಡ ಆಗಲೇ ತುಂಬಿತ್ತು.

ಗುರುವಾರ ಬೆಳಿಗ್ಗೆ ಲೆಬೆ ಸುಜಾಯಿ ಬಂದರು. ಲೆಬೆ ಎಂದರೆ ಊರಿನ ಮದುವೆ, ಸಾವು, ಕುರ್ಬಾನಿ ಎಲ್ಲವನ್ನೂ ನಡೆಸಿಕೊಡುವ ಹಿರಿಯರು, ಊರವರ ಬಾಯಲ್ಲಿ ಗೌರವದಿಂದ ಪಾ ಲೆಬೆ. ಜಾಲುವಿನ ಸುತ್ತ ಒಂದು ಸುತ್ತು ಹಾಕಿದರು. ಹಲ್ಲು ನೋಡಿದರು, ನಡೆಸಿ ನೋಡಿದರು, ಎರಡೂ ಕಿವಿಗಳನ್ನು ಬಿಡಿಸಿ ನೋಡಿದರು. ಕೊಂಬಿಗೆ ಕೈ ಹಾಕಿದರೆ ಎಡಗೊಂಬು ಕಳಚಿ ಅವರ ಕೈಗೇ ಬಂತು.

"ಅಯ್ಯೋ!" ಎಂದರು ಲೆಬೆ.

"ಕೊಂಬಲ್ವಾ ಪಾ ಲೆಬೆ, ಪರವಾಗಿಲ್ಲ ಅಲ್ವಾ?" ಎಂದು ಸರ್ನಿತಿ ತಡಬಡಿಸಿ ಕೇಳಿದಳು.

ಅವರು ಕೊಂಬನ್ನು ತಿರುಗಿಸಿ ನೋಡಿ ಅವಳ ಕೈಗಿಟ್ಟರು. "ಪರವಾಗಿಲ್ಲ. ಕಿವಿ ಪೂರ್ತಿ ಇದೆ, ನಡಿಗೆ ಚೆನ್ನಾಗಿದೆ, ತಿಂತಾ ಇದೆ. ಸಾಕು. ಹೆಸರು ಏನಂತ ಕೂಗಿಸ್ಲಿ?"

"ಸರ್ನಿತಿ," ಎಂದಳು. ಆಮೇಲೆ ನೆನಪಾಗಿ ಅಪ್ಪನ ಹೆಸರನ್ನೂ ಸೇರಿಸಿದಳು. "ಸರ್ನಿತಿ ಬಿಂತಿ ಡುಲ್ಹಾದಿ."

ಅಂದೇ ಮಧ್ಯಾಹ್ನ ಅವಳು ಜಾಲುವನ್ನು ಕಾಲುವೆಗೆ ಇಳಿಸಿ ಮೈ ತೊಳೆಯುತ್ತಿದ್ದಳು. ದಸ್ಕಿಮ್ ಹಗ್ಗ ಹಿಡಿದಿದ್ದ. ಬೆನ್ನು ಉಜ್ಜಿದಳು, ಹೊಟ್ಟೆ ಉಜ್ಜಿದಳು, ತೊಡೆಯ ಸಂದಿಗೆ ಕೈ ಹಾಕಿದಳು. ಕಬ್ಬಿನ ಗದ್ದೆಯ ಅಂಚಿನಲ್ಲಿ ಮೇಯುವ ಕುರಿಗಳಿಗೆ ಅಲ್ಲಿ ಯಾವಾಗಲೂ ಉಣುಗು ಕಚ್ಚಿಕೊಂಡಿರುತ್ತವೆ. ರಕ್ತ ಕುಡಿದು ಊದಿದ ಅವನ್ನು ಕೀಳಬೇಕಾದರೆ ಉಗುರು ಊರಿ ಎಳೆಯಬೇಕು. ಇಂದು ಅವು ಕೈ ತಾಗಿದೊಡನೆ ಉದುರಿದವು. ಅಂಗೈ ನೋಡಿದಳು. ಹೆಸರುಕಾಳಿನ ಸಿಪ್ಪೆಯಂತೆ ಒಣಗಿ ಹಗುರಾಗಿದ್ದವು.

ಬಾಲ ಎತ್ತಿ ನೋಡಿದಳು. ಅಲ್ಲಿಯೂ ಒಣಗಿದ್ದವು. ಬಲಗಿವಿಯೊಳಗೆ ಬೆರಳು ಹಾಕಿದಳು. ಅಲ್ಲಿಯೂ ಅಷ್ಟೇ.

ಸರ್ನಿತಿ ನೀರಿನಲ್ಲಿ ನಿಂತೇ ಇದ್ದಳು. ಹೊಗೆಸೊಪ್ಪಿನ ನೀರನ್ನು ಅವಳು ಹುಯ್ದದ್ದು ಎಡಗೊಂಬಿನ ಬುಡಕ್ಕೆ. ತೊಡೆಗೆ ಹುಯ್ದಿರಲಿಲ್ಲ. ಬಲಗಿವಿಗೆ ಹುಯ್ದಿರಲಿಲ್ಲ. ಇಡೀ ಮೈಯ ಉಣುಗನ್ನು ಒಂದೇ ಸಲಕ್ಕೆ ಒಣಗಿಸುವುದು ರಕ್ತದೊಳಗೆ ಹೋದ ಔಷಧಿ ಮಾತ್ರ.

"ಜಾಂಗ್," ಎಂದಳು ಮೆಲ್ಲಗೆ. ಮಗನಂಥವನನ್ನು ಕರೆಯುವ ಮಾತು ಅದು. ಅಳಿಯನ ಮೇಲೆ ಪ್ರೀತಿ ಬಂದಾಗ ಅಥವಾ ಸಿಟ್ಟು ಬಂದಾಗ ಅವಳು ಹಾಗೆ ಕರೆಯುತ್ತಿದ್ದಳು. "ಮಂಗಳವಾರ ಅದ್ಮಾ ಬಂದಿದ್ನಾ?"

ಹಗ್ಗ ದಸ್ಕಿಮ್‌ನ ಕೈಯಿಂದ ಜಾರಿತು. ಜಾಲು ಎಲ್ಲಿಗೂ ಹೋಗಲಿಲ್ಲ, ದಡದ ಹುಲ್ಲಿಗೆ ಬಾಯಿ ಹಾಕಿತು.

"ಬಂದಿದ್ದ."

"ನಾನು ಬೇಡ ಅಂದಿದ್ದೆ. ಆದ್ರೂ ಹಾಕಿದ್ನಾ?"

"ನೀವೇ ಹಾಕ್ಸು ಅಂದ್ರಿ ಅಂತ ಹೇಳ್ದೆ." ಅವನು ದಡದ ಮೇಲೆ ಕುಕ್ಕರಿಸಿದ. "ಅದು ಸಾಯ್ತಾ ಇತ್ತು ಎಮಾ. ನನ್ನಿಂದ ಸಾಯ್ತಾ ಇತ್ತು. ಮದುವೆ ಅಡುಗೆಗೆ ನೀವು ಹೋಗಿದ್ರಲ್ಲ, ಆ ಭಾನುವಾರ... ನಾನು ವಾರವಾರ ನೋಡೋಕೆ ಹೋಗ್ತೀನಲ್ಲ, ಆ ಕಾಳಗಕ್ಕೆ ಇಳಿಸಿದ್ದೆ. ಹಬ್ಬಕ್ಕೆ ಮುಂಚೆ ಒಂದೇ ಒಂದ್ಸಲ ಅಂತ. ಆರನೇ ಗುದ್ದಿಗೆ ಬುಡದಲ್ಲಿ ರಕ್ತ ಬಂತು. ಅದಕ್ಕೇ ಮಸಿ..."

"ಅದಕ್ಕೇ ಮಸಿ," ಎಂದಳು ಅವಳೂ. ಕಾಲುವೆಯ ಹೆಂಗಸರಿಗೆ ತಾನು ಹೇಳಿಕೊಂಡದ್ದೆಲ್ಲ ಒಮ್ಮೆಲೇ ನೆನಪಾಗಿ ಕಿವಿ ಬಿಸಿಯಾಯಿತು. "ಗೆದ್ದಿತಾ?"

"ಏನು?"

"ಜಾಲು ಕಣೋ. ಗೆದ್ದಿತಾ ಅಂತ ಕೇಳ್ದೆ."

"ಗೆದ್ದಿತು," ಎಂದ ದಸ್ಕಿಮ್, ಅಳು ತಡೆಯುತ್ತ.

"ಅಷ್ಟಾದ್ರೂ ಆಯ್ತಲ್ಲ." ಅವಳು ದಡ ಹತ್ತಿ ಕೂತಳು, ತಕ್ಷಣ ಎದ್ದಳು. "ಕಾಳಗಕ್ಕೆ ಬಿಟ್ಟೆ, ಹೋಗ್ಲಿ. ಸೂಜಿ ಹಾಕ್ಸಿದೆ, ಜೀವ ಉಳೀತು. ಅದ್ಮಾಗೆ ಸುಳ್ಳು ಹೇಳ್ದೆ, ಅದೂ ಹೋಗ್ಲಿ. ಬೆಳಿಗ್ಗೆ ಪಾ ಲೆಬೆ ಬಂದಿದ್ರಲ್ಲ, ಅಲ್ಲೇ ನಿಂತಿದ್ದೆ ನೀನು. ಬಾಯಿ ಯಾಕೆ ಬಿಡಲಿಲ್ಲ?"

"ಹೇಳ್ಬೇಕು ಅಂತಾನೇ ಇದ್ದೆ. ನೀವು ಅಪ್ಪನ ಹೆಸರು ಸೇರಿಸಿ ಹೇಳಿದ್ರಲ್ಲ, ಆಗ ಬಾಯಿ ಕಟ್ಟೋಯ್ತು. ಶನಿವಾರದೊಳಗೆ ಹೇಳ್ತಿದ್ದೆ."

"ಯಾರಿಗೆ? ಕತ್ತಿಗಾ?"

ಅವನು ತಲೆ ತಗ್ಗಿಸಿದ. ನೀರನ್ನೇ ನೋಡುತ್ತ ಹೇಳಿದ, "ಯಾರಿಗೂ ಗೊತ್ತಿಲ್ಲ ಎಮಾ. ಒಂದು ಟಗರಿನ ಮಾಂಸ ನಲವತ್ತು ಮನೆಗೆ ಹೋಗುತ್ತೆ. ಒಬ್ಬೊಬ್ಬರಿಗೆ ಬರೋದು ಒಂದೊಂದು ಹಿಡಿ. ಒಂದು ಹಿಡಿಯಿಂದ ಏನಾಗುತ್ತೆ?"

ಸರ್ನಿತಿಗೆ ಆ ಮಾತು ಬೇಡವೆನಿಸಲಿಲ್ಲ, ಅದೇ ಅವಳನ್ನು ಹೆದರಿಸಿತು. ಒಂದು ಗಳಿಗೆ ಅವಳೂ ಅದನ್ನೇ ಯೋಚಿಸಿದಳು. ನಲವತ್ತು ಮನೆ, ಒಂದು ಹಿಡಿ, ಒಂದು ಹೆಸರು. ಆಮೇಲೆ ಲಿವರ್ ಯಾರ ಪಾಲಿಗೆ ಹೋಗುತ್ತದೆಂದು ನೆನಪಾಯಿತು. ಮೆತ್ತಗಿರುವುದರಿಂದ ಅದನ್ನು ಮೊದಲು ಬೇಯಿಸಿ, ಹಲ್ಲಿಲ್ಲದ ಮುದುಕರಿಗೆ, ಈಗಷ್ಟೇ ಅನ್ನ ತಿನ್ನಲು ಕಲಿತ ಕೂಸುಗಳಿಗೆ ಕೊಡುವುದು. ಬೇಲಿಯಾಚೆಯಿಂದ ಕೈ ಚಾಚಿದ್ದ ಎಂಚಾರಳ ಮೊಮ್ಮಗಳು.

"ಹಗ್ಗ ಹಿಡ್ಕೋ. ಮನೆಗೆ ಕರ್ಕೊಂಡ್ ಹೋಗು," ಎಂದವಳೇ ಒದ್ದೆಯಾಗಿ ಮೈಗಂಟಿದ್ದ ಲುಂಗಿಯನ್ನು ಹಿಂಡಿಕೊಂಡು ಲೆಬೆಯ ಮನೆಯ ಕಡೆ ನಡೆದಳು.

ಲೆಬೆ ಸುಜಾಯಿ ಎಲ್ಲವನ್ನೂ ಕೇಳಿ ಗಡ್ಡ ಸವರಿಕೊಂಡರು. "ನೀವಾಗಿ ಬಂದು ಹೇಳಿದ್ರಿ, ಒಳ್ಳೇದಾಯ್ತು. ಬೇಜಾರು ಮಾಡ್ಕೋಬೇಡಿ ಬಿ ಸರ್ನಿತಿ. ಟಗರು ಹೇಗೂ ಉಳೀತಲ್ಲ. ಮುಂದಿನ ವರ್ಷ..."

"ಅದೊಂದು ಮಾತು ಬೇಡ ಪಾ ಲೆಬೆ." ಅವಳು ಜಗಲಿಯ ಮೇಲೆ ಕೂರಲೂ ಇಲ್ಲ, ಹೋಗಲೂ ಇಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. "ಹೆಣ್ಣು ಕುರಿ ಆಗುತ್ತಾ?"

"ಹೆಣ್ಣು ಕುರಿಯಾ?" ಅವರು ತಡವರಿಸಿದರು. "ಆಗುತ್ತೆ. ಯಾಕಾಗಬಾರ್ದು? ವಯಸ್ಸು ತುಂಬಿರ್ಬೇಕು, ಊನ ಇರಬಾರ್ದು, ಅಷ್ಟೇ. ಆದ್ರೆ ನಾನು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಯಾರೂ ಕೊಟ್ಟದ್ದು ನೋಡಿಲ್ಲ. ಹೆಣ್ಣು ಅಂದ್ರೆ ಹಿಂಡು ಬೆಳೆಯೋ ದಾರಿ, ಅದನ್ನ ಯಾರು ಕೊಡ್ತಾರೆ?"

"ಮರಿ ಹಾಕದೇ ಇರೋದಾದ್ರೆ?"

"ಅದಕ್ಕೇನಂತೆ? ಮೈ ತುಂಬಿದ್ರೆ ಸಾಕು." ಅವರು ಅವಳ ಮುಖವನ್ನು ನೋಡಿದರು. ಊರಿನಲ್ಲಿ ಅಂಥ ಕುರಿ ಒಂದೇ. "ನಿನಿಯಾ?"

ಸರ್ನಿತಿ ಆಗಲೇ ಅಂಗಳ ದಾಟಿ ಹೊರಟಿದ್ದಳು.

ಶುಕ್ರವಾರ ಹಬ್ಬದ ಮುನ್ನಾದಿನದ ಉಪವಾಸ. ಹಿಂಡು ಎಂದಿನಂತೆ ನಿನಿಯ ಹಿಂದೆ ಹಲಗೆ ದಾಟಿತು. ಸರ್ನಿತಿ ಬದುವಿನ ಮೇಲೆ ನಿಂತು ಟೊಕ್ ಟೊಕ್ ಕೇಳುತ್ತಿದ್ದಳು. ನಿನಿ ಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹಿಂಡು ಚದುರುತ್ತದೆ. ಕಬ್ಬಿನ ಗದ್ದೆಗೆ ನುಗ್ಗುತ್ತದೆ. ಕಾಲುವೆಯ ಬಳಿ ದಿನವೂ ರಾದ್ಧಾಂತ. ಇನ್ನೊಂದು ಕುರಿ ಮುಂದಾಳಾಗಲು ಒಂದು ವರ್ಷ, ಎರಡು ವರ್ಷ, ಆಗದೆಯೂ ಇರಬಹುದು. ಅಲ್ಲಿಯವರೆಗೆ ಅವಳ ಕಾಲು ಓಡಬೇಕು, ಮತ್ತು ಅವಳ ಕಾಲಿಗೂ ಐವತ್ತಾರು.

ಒಮ್ಮೆ ಬೇಡವೆಂದುಕೊಂಡಳು. ಇನ್ನೊಮ್ಮೆ ಬೇಕೆಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ನಿನಿಯನ್ನು ಹಿಡಿದು ಬಾಯಿ ಬಿಡಿಸಿ ಹಲ್ಲು ನೋಡಿದಳು. ಕಿವಿ ನೋಡಿದಳು. ಕಾಲುಗಳನ್ನು ಒಂದೊಂದಾಗಿ ಎತ್ತಿ ಗೊರಸಿನ ಸಂದಿ ನೋಡಿದಳು. ಎಲ್ಲಿಯಾದರೂ ಒಂದು ಊನ ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ ಎನ್ನುವುದು ಅವಳಿಗೇ ತಿಳಿಯಿತು. ಸಿಗಲಿಲ್ಲ. ಏಳು ವರ್ಷ ದಿನಕ್ಕೆರಡು ಸಲ ಅವಳ ಕೈಯೇ ಓಡಾಡಿದ ಮೈ. ಊನ ಎಲ್ಲಿಂದ ಬರಬೇಕು?

ಸಂಜೆ ಅವಳು ನಿನಿಯ ಕೊರಳಿನಿಂದ ಗಂಟೆ ಬಿಚ್ಚುವುದನ್ನು ದಸ್ಕಿಮ್ ನೋಡಿದ.

"ಎಮಾ, ನಿನಿ ಇಲ್ದೆ ಇವು ಕಾಲುವೆ ದಾಟಲ್ಲ."

"ಗೊತ್ತು."

"ಇದು ನೀವು ನಿಮಗೇ ಅಂತ ಉಳಿಸ್ಕೊಂಡ ಮೊದಲ್ನೇ ಕುರಿ."

"ಅದೂ ಗೊತ್ತು. ಬೇಡದ್ದನ್ನ ಕೊಟ್ರೆ ಕುರ್ಬಾನಿ ಅಂತಾರೇನೋ?" ಅವಳು ಗಂಟೆಯನ್ನು ಮೊಳೆಗೆ ನೇತು ಹಾಕಿದಳು. ಮನೆಯೊಳಗೆ ಹೋದಳು, ಬಂದಳು, ಮತ್ತೆ ಹೋದಳು.

ಶನಿವಾರ ಮಸೀದಿಯ ಅಂಗಳದಲ್ಲಿ ಧ್ವನಿವರ್ಧಕ ಒಂದೊಂದೇ ಹೆಸರು ಕೂಗಿತು. ಹನ್ನೊಂದು ಟಗರು, ಎರಡು ಕೋಣ. ಕೊನೆಯಲ್ಲಿ ಲೆಬೆ ಸುಜಾಯಿಯ ದನಿ: "ಸರ್ನಿತಿ ಬಿಂತಿ ಡುಲ್ಹಾದಿ. ಒಂದು ಹೆಣ್ಣು ಕುರಿ." ಜನರ ನಡುವೆ ಗುಸುಗುಸು ಎದ್ದಿತು. ಸರ್ನಿತಿ ಮುಂದೆ ಬಂದು ನಿನಿಯ ಹಣೆಯ ಮೇಲೆ ಅಂಗೈ ಇಟ್ಟಳು. ಅದು ಯಾವತ್ತಿನ ಹಾಗೆ ಅವಳ ಕೈಯನ್ನು ಮೂಸಿತು, ಹೊರಡಲು ಅಪ್ಪಣೆ ಕೇಳುವಂತೆ. ಅಷ್ಟು ಹೊತ್ತು ಮಾತ್ರ ಅವಳು ಅಲ್ಲಾಡದೆ ನಿಂತಳು.

ಸಂಜೆ ಮಾಂಸದ ಪಾಲು ಹಿಡಿದು ಹೋಗುತ್ತಿದ್ದ ಎಂಚಾರ್ ಬೇಲಿಯ ಬಳಿ ನಿಂತಳು. ಅಂದು ತಮಾಷೆ ಮಾಡಲಿಲ್ಲ. "ಲಿವರ್ ಕೂಸಿಗೆ ಬೇಯಿಸ್ತೀನಿ ಕಣೇ," ಎಂದಷ್ಟೇ ಹೇಳಿದಳು.

"ಬೇಯಿಸು. ಚೆನ್ನಾಗಿ ಬೇಯಿಸು."

ಭಾನುವಾರ ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆದಾಗ ಹದಿನೆಂಟೂ ಕುರಿಗಳು ಇಳಿದು ಬಂದು ಅಂಗಳದಲ್ಲೇ ನಿಂತವು, ಒಂದು ಕೊಂಬಿನ ಜಾಲು ಸಹ. ಯಾರೋ ಇನ್ನೂ ಬರಬೇಕಿದೆ ಎನ್ನುವ ಹಾಗೆ ಬಾಗಿಲ ಕಡೆ ನೋಡಿದವು. ಹೇಗೋ ಅಟ್ಟಿಕೊಂಡು ಕಾಲುವೆಯವರೆಗೆ ಬಂದದ್ದಾಯಿತು. ಹಲಗೆಯ ಬಳಿ ಹಿಂಡು ಮುದ್ದೆಗಟ್ಟಿ ನಿಂತಿತು. ಸರ್ನಿತಿ ಹಿಂದಿನಿಂದ ಅಟ್ಟಿದರೆ ಪಕ್ಕಕ್ಕೆ ಒಡೆದು ಓಡಿದವು. ಪಕ್ಕಕ್ಕೆ ಹೋಗಿ ತಡೆದರೆ ಹಿಂದಕ್ಕೆ ಓಡಿದವು. ಮೂರು ಸಲ ಹೀಗಾಗಿ ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಳು.

ಆಗ ಹಿಂದಿನಿಂದ ಟೊಕ್ ಟೊಕ್ ಕೇಳಿಸಿತು. ಕುರಿಗಳೆಲ್ಲ ಕತ್ತೆತ್ತಿದವು. ದಸ್ಕಿಮ್ ಬರುತ್ತಿದ್ದ, ಕೈಯಲ್ಲಿ ನಿನಿಯ ಗಂಟೆ, ಹೆಗಲ ಮೇಲೆ ಹಲಸಿನ ಕೊಂಬೆ. ಯಾರ ಮುಖವನ್ನೂ ನೋಡದೆ ಹಿಂಡಿನ ನಡುವಿನಿಂದಲೇ ಮುಂದೆ ಬಂದು ಹಲಗೆಯ ಮೇಲೆ ಕಾಲಿಟ್ಟ.

"ಇವತ್ತು ಭಾನುವಾರ ಕಣೋ. ನಿನ್ನ ಕಾಳಗ?" ಎಂದು ಕೂಗಿದಳು ಸರ್ನಿತಿ.

"ಈ ಕಾಳಗ ಮುಗೀಲಿ ಮೊದ್ಲು," ಎಂದ ಅವನು, ತಿರುಗದೆ.

"ಹಂಗಲ್ಲ, ಮೆತ್ತಗೆ ನಡಿ! ನಿನಿ ಹಂಗೆ ಓಡ್ತಾ ಇತ್ತಾ? ಸೊಂಟ ಅಲ್ಲಾಡಿಸಿ ನಡಿ ಸ್ವಲ್ಪ!"

ಕಾಲುವೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಗೊಳ್ಳೆಂದರು. ದಸ್ಕಿಮ್‌ನ ಕತ್ತು ಕೆಂಪಾಯಿತು, ಆದರೆ ಹೆಜ್ಜೆ ನಿಧಾನವಾಯಿತು. ಟೊಕ್ ಟೊಕ್. ಮೊದಲ ಕುರಿ ಹಲಗೆಯನ್ನು ಮೂಸಿ ಕಾಲಿಟ್ಟಿತು. ಎರಡನೆಯದು ಅದರ ಹಿಂದೆ. ಐದನೆಯದು ಅರ್ಧದಲ್ಲಿ ನಿಂತು ಯೋಚಿಸಿ, ಕೊನೆಗೆ ಹೋಯಿತು.

ಎಲ್ಲಕ್ಕಿಂತ ಹಿಂದೆ ಉಳಿದ ಜಾಲು ತಲೆಯನ್ನು ಎಡಕ್ಕೊಮ್ಮೆ ಕೊಡವಿತು. ಸರ್ನಿತಿಯ ಕೈ ಅವಳಿಗಿಂತ ಮೊದಲೇ ಹೋಗಿ ಕೊಂಬಿಲ್ಲದ ಬುಡವನ್ನು ಹುಡುಕಿತು. ಒಣಗಿದ ಹಕ್ಕಳೆ. ಅಂಚಿನಲ್ಲಿ ಒಂದು ನೀಲಿ ನೊಣ ಕೂತು ಕಾಲು ತಿಕ್ಕುತ್ತಿತ್ತು. ಅಂಗೈ ಬೀಸಿದಳು. ಅದು ಎದ್ದು, ಒಂದು ಸುತ್ತು ಹಾಕಿ, ಹಿಂಡು ಹೋದ ಕಡೆಗೇ ಹಾರಿತು.

"ನಡಿ, ನಡಿ," ಎಂದು ಟಗರಿನ ಬೆನ್ನಿಗೊಂದು ತಟ್ಟಿ, ಅವಳು ಹಲಗೆಯ ಮೇಲೆ ಬಿರಬಿರನೆ ಹೆಜ್ಜೆ ಹಾಕಿದಳು.